ಮೊಟ್ಟೆಗೆ ಆಧಾರ್ ಕಾರ್ಡ್ ಉಂಟಾ ಅಕ್ಕೋರೇ?

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಯಕತ್ವ ಸಿಗಬೇಕಾದರೆ ಪರೀಕ್ಷೆ, ಸಂದರ್ಶನ ಏನೂ ಬೇಡ. ಹೆಡ್ ಮಾಸ್ತರು ನಿವೃತ್ತರಾಗಬೇಕು. ಆ ಜಾಗಕ್ಕೆ ಬೇರೆ ಯಾರೂ ಬರಬಾರದು. ಉಳಿದವರ ಪೈಕಿ ಎಲ್ಲರಿಗಿಂತ ಮೊದಲು ನೌಕರಿಗೆ ಸೇರಿದವರು ನೀವಾಗಿರಬೇಕು. ಮೂರೂ ಕೂಡಿಬಂದರೆ ಮರುದಿನ ಬೆಳಿಗ್ಗೆ ನೀವು ಪ್ರಭಾರ ಮುಖ್ಯ ಶಿಕ್ಷಕಿ. ಮನೆಯಲ್ಲಿ ಟಿವಿ ರಿಮೋಟಾದರೂ ನಿಮ್ಮ ಕೈಗೆ ಸಿಕ್ಕಿದ್ದುಂಟಾ ಎಂದು ಯಾರೂ ಕೇಳುವುದಿಲ್ಲ.

ನಮ್ಮದು ಶಿರಸಿ ಕಡೆಯ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳನೇ ಕ್ಲಾಸು, ನಾಲ್ಕು ಜನ ಶಿಕ್ಷಕರು, ಇಬ್ಬರು ಅಡುಗೆಯವರು, ಮಳೆಗಾಲ ಪೂರ್ತಿ ಸೋರುವ ಒಂದು ವರಾಂಡ. ಇಲ್ಲಿ ಗಂಡಸರು ಪಾಠ ಹೇಳಿದರೆ ಮಾಸ್ತರು, ಹೆಂಗಸರು ಹೇಳಿದರೆ ಅಕ್ಕೋರು. ಇಷ್ಟು ವರ್ಷ ನಾನು ಬರೀ ಅಕ್ಕೋರಾಗಿ ಸುಖವಾಗಿದ್ದೆ.

ಚಾರ್ಜ್ ತಗೊಳ್ಳುವುದು ಅಂದರೆ ಮುಖ್ಯವಾಗಿ ಒಂದು ಕೀ ಗೊಂಚಲು ತಗೊಳ್ಳುವುದು. ಯಾವ ಕೀ ಯಾವ ಬೀಗದ್ದು ಎಂದು ಎಲ್ಲಿಯೂ ಬರೆದಿಲ್ಲ. ಹೆಡ್ ಮಾಸ್ತರು ಕತ್ತಲಲ್ಲೂ ಮುಟ್ಟಿಯೇ ಗುರುತು ಹಿಡಿಯುತ್ತಿದ್ದರು. ಆ ವಿದ್ಯೆಯನ್ನು ಯಾವ ರಿಜಿಸ್ಟರಿನಲ್ಲೂ ಹಸ್ತಾಂತರಿಸಲು ಬರುವುದಿಲ್ಲ ನೋಡಿ. ಮೊದಲ ದಿನ ನಾನು ಬೀರುವಿನ ಮುಂದೆ ನಿಂತು ಒಂದೊಂದೇ ಕೀ ತಿರುಗಿಸುತ್ತಿದ್ದಾಗ ಅಡುಗೆಯ ಅಕ್ಕ ಸೊಪ್ಪು ಸೋಸುತ್ತಲೇ ಅಲ್ಲಿಂದ ಕೂಗಿದಳು. "ಅದಲ್ಲ ಅಕ್ಕೋರೇ, ತುಕ್ಕು ಹಿಡಿದದ್ದರ ಪಕ್ಕದ್ದು. ತಿರುಗಿಸುವಾಗ ಬಾಗಿಲು ಸ್ವಲ್ಪ ಎತ್ತಬೇಕು." ಎತ್ತಿದೆ. ತೆರೆಯಿತು.

ಬೀರುವಿನಲ್ಲಿ ಒಂದು ಗ್ಲೋಬ್ ಇತ್ತು. ಅದರಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಗಟ್ಟಿಮುಟ್ಟಾಗಿದೆ. ಭೂಮಿಯೇ ಒಂದು ಕಡೆ ವಾಲಿ, ಸ್ಟ್ಯಾಂಡಿನಿಂದ ಕಳಚಿ ಬೀಳುವ ಹಾಗಿದೆ. ಬಿಸಾಡೋಣ ಎಂದರೆ ಅದು ದಾಸ್ತಾನು ಪುಸ್ತಕದಲ್ಲಿದೆ. 1991ರಲ್ಲಿ ಮಾಸ್ಕೋದವರು ಮುಗಿಸಿದ ದೇಶವನ್ನು ನಾನು ಮುಗಿಸಬೇಕಾದರೆ ಮೇಲಿನವರ ಲಿಖಿತ ಅನುಮತಿ ಬೇಕು. ವಾಪಸು ಇಟ್ಟು ಬೀಗ ಹಾಕಿದೆ.

ನಿವೃತ್ತ ಹೆಡ್ ಮಾಸ್ತರರಿಗೆ ದಿನಾ ಸಂಜೆ ಫೋನ್ ಮಾಡುವುದು ರೂಢಿಯಾಯಿತು. ಫೋನು ಎತ್ತುವವರು ಅವರ ಹೆಂಡತಿ. "ರೀ, ನಿಮ್ಮ ಶಾಲೆ ಫೋನ್ ಮಾಡ್ತಾ ಉಂಟು" ಎಂದು ಒಳಗೆ ಕೂಗಿ, ನನ್ನನ್ನು ಕೇಳುತ್ತಿದ್ದರು: "ಅಕ್ಕೋರೇ, ಇವರು ರಿಟೈರ್ ಆದದ್ದು ನಿಮಗೆ ಗೊತ್ತುಂಟಲ್ಲ? ಸನ್ಮಾನದ ಶಾಲು ಹೊದೆಸಿದ್ದು ನೀವೇ ಅಲ್ವಾ?"

ಆ ಮನುಷ್ಯರಿಗೆ ಮಾತ್ರ ಬೇಸರವೇ ಇಲ್ಲ. ಇಲಾಖೆಯ ವಾಟ್ಸಾಪ್ ಗುಂಪಿನಲ್ಲಿ ಬರುವ ಸಂದೇಶಗಳ ಗುಟ್ಟು ಹೇಳಿಕೊಟ್ಟದ್ದು ಅವರೇ. "ತಂಗೀ, ತುರ್ತು ಅಂತ ಬಂದರೆ ನಾಳೆ ಕಳಿಸಿದರೆ ಸಾಕು. ಅತಿ ತುರ್ತು ಅಂದರೆ ಊಟ ಮಾಡಿ ಕಳಿಸು. ಏನೂ ಬರೆಯದೆ ಬರೀ ನಮ್ಮ ಶಾಲೆಯ ಹೆಸರು ಹಾಕಿ, ಪಕ್ಕದಲ್ಲಿ ಕೈಮುಗಿಯುವ ಚಿತ್ರ ಹಾಕಿದ್ದರೆ ಮಾತ್ರ ಎದ್ದು ಓಡು." ನಾಯಕತ್ವದ ಬಗ್ಗೆ ಇದಕ್ಕಿಂತ ಉಪಯೋಗದ ಪಾಠ ನನಗೆ ಯಾವ ತರಬೇತಿಯಲ್ಲೂ ಸಿಕ್ಕಿಲ್ಲ.

ಓಡುವುದು ಅಂದರೆ ನಿಜವಾಗಿಯೂ ಓಡುವುದೇ. ಶಾಲೆಯೊಳಗೆ ನೆಟ್‌ವರ್ಕ್ ಇಲ್ಲ. ಹಿಂದಿನ ಗುಡ್ಡ ಹತ್ತಿ ಹಲಸಿನ ಮರದ ಬುಡದಲ್ಲಿ ನಿಂತರೆ ಎರಡು ಗೆರೆ ಸಿಗುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು, ಕಾಲಲ್ಲಿ ರಕ್ತ ಹೀರುವ ಉಂಬಳ. ಶೌಚಾಲಯ ಎಷ್ಟು, ನಲ್ಲಿ ಎಷ್ಟು, ನಲ್ಲಿಯಲ್ಲಿ ನೀರು ಉಂಟೋ ಇಲ್ಲವೋ ಎಂದು ಮೇಲಿನವರಿಗೆ ತಿಳಿಸುವ ಹೊತ್ತಿಗೆ ನನ್ನ ಮೇಲೆಯೇ ಬೇಕಾದಷ್ಟು ನೀರು ಸುರಿದಿರುತ್ತಿತ್ತು. ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟ ಸಂದೇಶವೂ ನನಗೆ ಅಲ್ಲಿಯೇ ಸಿಗುವುದು. ಮಕ್ಕಳೆಲ್ಲ ಬಂದು, ಪ್ರಾರ್ಥನೆ ಮುಗಿದ ಮೇಲೆ. ಪಾಪ, ರಜೆ ಕೊಡುವವಳು ನಾನೇ ಎಂದು ಮಕ್ಕಳು ನಂಬಿದ್ದರು. ಗುಡ್ಡ ಇಳಿಯುವಾಗ ನನ್ನ ಮುಖ ನೋಡಿಯೇ ಪಾಟೀಚೀಲ ಹೆಗಲಿಗೇರಿಸುತ್ತಿದ್ದರು. ಆ ನಂಬಿಕೆಯನ್ನು ನಾನು ತಿದ್ದಲು ಹೋಗಲಿಲ್ಲ. ಅಧಿಕಾರ ಸುಮ್ನೆ ಬಂದರೆ ಯಾರು ಬೇಡ ಅನ್ನುತ್ತಾರೆ?

ಅಧಿಕಾರದ ನಿಜವಾದ ಭಾರ ಗೊತ್ತಾಗಿದ್ದು ಮೊಟ್ಟೆಯಿಂದ. 2024ರಲ್ಲಿ ಬಿಸಿಯೂಟಕ್ಕೆ ವಾರದಲ್ಲಿ ಆರು ದಿನ ಮೊಟ್ಟೆ ಎಂದಾಯಿತು. ಮಕ್ಕಳಿಗೆ ಒಳ್ಳೆಯದೇ, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದು ಮೊಟ್ಟೆಗೆ ಆಗ ಸಿಗುತ್ತಿದ್ದ 6 ರೂಪಾಯಿಯಲ್ಲಿ ಬೇಯಿಸುವ ಗ್ಯಾಸಿಗೆ 50 ಪೈಸೆ, ಸಿಪ್ಪೆ ಬಿಡಿಸಲು 30 ಪೈಸೆ, ಸಾಗಿಸಲು 20 ಪೈಸೆ. ಸಾಗಿಸುವುದು ಯಾರು? 20 ಪೈಸೆಯ ಆ ಸಾಗಾಣಿಕೆ ಕಂಪನಿ ನಾನೇ. ಪೇಟೆಯಿಂದ ಬೆಳಗಿನ ಬಸ್ಸಿನಲ್ಲಿ ತೊಡೆಯ ಮೇಲೆ ಮೊಟ್ಟೆಯ ಟ್ರೇ ಇಟ್ಟುಕೊಂಡು ತಿರುವುಗಳಲ್ಲಿ ಉಸಿರು ಬಿಗಿಹಿಡಿದು ಬರುತ್ತಿದ್ದೆ. ಶಕ್ತಿ ಯೋಜನೆಯಲ್ಲಿ ನನಗೆ ಟಿಕೆಟ್ ಉಚಿತ. ಒಂದು ದಿನ ಕಂಡಕ್ಟರು ಟ್ರೇಯನ್ನು ಗಂಭೀರವಾಗಿ ನೋಡಿ ಕೇಳಿದ: "ನಿಮಗೆ ಫ್ರೀ ಸರಿ. ಮೊಟ್ಟೆಗೆ ಆಧಾರ್ ಕಾರ್ಡ್ ಉಂಟಾ ಅಕ್ಕೋರೇ?" ಬಸ್ಸೇ ನಕ್ಕಿತು. ನಗುವ ಭರದಲ್ಲಿ ಡ್ರೈವರು ಹಂಪು ನೋಡಲಿಲ್ಲ. ಆ ದಿನದ ಲೆಕ್ಕದಲ್ಲಿ ಏಳು ಮೊಟ್ಟೆ ನನ್ನ ಸ್ವಂತ ಖರ್ಚು, ಒಂದು ಹತ್ತಿ ಸೀರೆ ಲಾಂಡ್ರಿ ಖರ್ಚು.

ಮರುವಾರ ಬಸ್ಸು ಇಳಿಯುವಾಗ ಟ್ರೇ ಇಸಿದುಕೊಳ್ಳಲು ಹೊಸ ಮಾಸ್ತರು ಬೈಕ್ ನಿಲ್ಲಿಸಿಕೊಂಡು ಕಾದಿದ್ದರು. ಅತಿಥಿ ಶಿಕ್ಷಕಿ ತನ್ನ ಊರಿನ ಅಂಗಡಿಯವನ ಹತ್ತಿರ ಮಾತಾಡಿ, ಮೊಟ್ಟೆಯನ್ನು ಹಾಲಿನ ಗಾಡಿಯಲ್ಲಿ ಕಳಿಸುವ ವ್ಯವಸ್ಥೆ ಮಾಡಿದಳು. ನಾನು ಯಾರಿಗೂ ಹೇಳಿರಲಿಲ್ಲ. ಸೀರೆಯ ಕಲೆ ಹೇಳಿತ್ತು.

ಮೊಟ್ಟೆ ಬಂದರೆ ಕೆಲಸ ಮುಗಿಯಲಿಲ್ಲ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಯಾರು ಯಾವ ಪಟ್ಟಿ ಎಂದು ವರ್ಷದ ಆರಂಭದಲ್ಲೇ ಬರೆದಿಟ್ಟಿದ್ದೇವೆ. ಆದರೆ ಪುಟ್ಟಬಾಳೆ ಬಂದ ದಿನ ಮೊಟ್ಟೆ ಪಕ್ಷದಿಂದ ಬಾಳೆಹಣ್ಣಿನ ಪಕ್ಷಕ್ಕೆ ಸಾಮೂಹಿಕ ಪಕ್ಷಾಂತರ. ಪಚ್ಚಬಾಳೆ ಬಂದರೆ ಎಲ್ಲರೂ ಮರಳಿ ಮಾತೃಪಕ್ಷಕ್ಕೆ. ಸರ್ಕಾರ ನಡೆಸುವುದು ಎಷ್ಟು ಕಷ್ಟ ಎಂದು ಆಗ ಅರ್ಥವಾಯಿತು. ಅಡುಗೆಯ ಅಕ್ಕ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಮೊದಲು ಮೊಟ್ಟೆ ಬಡಿಸುವ, ಹಣ್ಣು ತೋರಿಸುವುದೇ ಬೇಡ" ಎಂದಳು. ಬಿಕ್ಕಟ್ಟು ಮುಗಿಯಿತು.

ಮಳೆಗಾಲದಲ್ಲಿ ಚೆಕ್ಕಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಸಹಿ ಹಾಕಿಸುವುದು ಇನ್ನೊಂದು ಸಾಹಸ. ನನ್ನದೂ ಅವರದೂ ಜೋಡಿ ಸಹಿ ಬಿದ್ದರೇ ದುಡ್ಡು. ಅವರು ಅಡಿಕೆ ತೋಟದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಸುತ್ತಿರುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಒಂದು ಗಳಿಗೆ ಬಿಟ್ಟಾಗಲೇ ಹೊಡೆಯಬೇಕು, ಆಗ ದೇವರು ಬಂದರೂ ಕಾಯಬೇಕು. ಕಾದೆ. ಬಂದರು, ಸಹಿ ಹಾಕಿದರು. ಚೆಕ್ಕಿನ ಮೇಲೆ ಐದೂ ಬೆರಳು ನೀಲಿಯಾಗಿ ಮೂಡಿದವು. ಬ್ಯಾಂಕಿನವರು ಅದನ್ನು ಬೆಳಕಿಗೆ ಹಿಡಿದು, "ಸಹಿಯೂ ಉಂಟು, ಹೆಬ್ಬೆಟ್ಟೂ ಉಂಟು. ಇವರಿಗೆ ಓದು ಬರ್ತದೋ ಇಲ್ಲವೋ?" ಎಂದರು.

ಸ್ವಾತಂತ್ರ್ಯ ದಿನದ ಕತೆ ಊರಿಗೆಲ್ಲ ಗೊತ್ತು, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಹೂವು ಕಟ್ಟಿದ ಬಾವುಟ ಮೇಲೆ ಹೋಗಿತ್ತು. ರಾತ್ರಿಯಿಡೀ ನೆನೆದ ಹಗ್ಗ ಉಬ್ಬಿ ಗಂಟು ಕಲ್ಲಾಗಿತ್ತು. ನಾನು ಎಳೆದೆ. ಬಿಚ್ಚಲಿಲ್ಲ. ಅಧ್ಯಕ್ಷರು ಎಳೆದರು. ಕಂಬ ಅಲುಗಿತು, ಬಾವುಟ ಅಲುಗಲಿಲ್ಲ. ಇಡೀ ಊರು ಹಣೆಗೆ ಕೈ ಹಚ್ಚಿ ನಿಂತಿದೆ. ಒಂದನೇ ಕ್ಲಾಸಿನವನೊಬ್ಬ ಕೈ ಸೋತು, ಇನ್ನೊಂದು ಕೈಯಿಂದ ಮೊಣಕೈಗೆ ಆಧಾರ ಕೊಟ್ಟುಕೊಂಡ. ರಾಷ್ಟ್ರಗೀತೆಗೆ ಬೇಕಾಗುವುದು 52 ಸೆಕೆಂಡು, ಅದು ಶುರುವಾಗಲು ನಮ್ಮಲ್ಲಿ ಹಿಡಿದದ್ದು ಅದರ ಹತ್ತು ಪಟ್ಟು. ಕೊನೆಗೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಸಾಲು ಬಿಟ್ಟು ಬಂದು, "ಅಕ್ಕೋರೇ, ಇಳಿಸಿ ಮತ್ತೆ ಕಟ್ಟುವನಾ?" ಎಂದು ಕೇಳಿದಳು. ದೊಡ್ಡವರು ಅಷ್ಟು ಜನ ಇದ್ದೆವು, ಇಳಿಸಬಹುದು ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಇಳಿಸಿದೆವು. ಅವಳೇ ದನ ಕಟ್ಟಿದ ಅನುಭವದಲ್ಲಿ ಸಡಿಲ ಗಂಟು ಹಾಕಿದಳು. ಎಳೆದ ಕೂಡಲೇ ಹೂವೆಲ್ಲ ಅಧ್ಯಕ್ಷರ ತಲೆಯ ಮೇಲೆ.

ಆ ಹುಡುಗಿ ನಮ್ಮ ಶಾಲಾ ಸಂಸತ್ತಿನ ಪ್ರಧಾನಮಂತ್ರಿ. ಜುಲೈಯಲ್ಲಿ ಮೊಬೈಲಿನ ಮತಯಂತ್ರದಲ್ಲಿ ಗೆದ್ದವಳು. ನನ್ನ ಹಾಗೆ ಸೀನಿಯಾರಿಟಿಯಲ್ಲಿ ಬಂದವಳಲ್ಲ. ಅವಳ ಕೈಕೆಳಗೆ ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಕೈತೋಟದ ಮಂತ್ರಿ ಎಲ್ಲ ಇದ್ದಾರೆ. ಮೊನ್ನೆ ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದಳು.

"ಅಕ್ಕೋರೇ, ನೀವು ಮೀಟಿಂಗಿಗೆ ಹೋಗುವುದಿದ್ದರೆ ಹಿಂದಿನ ದಿನವೇ ನನಗೆ ಹೇಳಿ. ನಾಲ್ಕು-ಐದನೇ ಕ್ಲಾಸಿಗೆ ಯಾರನ್ನಾದರೂ ಕೂರಿಸಬೇಕಲ್ಲ."

"ಗುರುವಾರ ಉಂಟು ಮಾರಾಯ್ತಿ. ಮಧ್ಯಾಹ್ನದ ಮೇಲೆ."

ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಅದನ್ನು ನನ್ನ ಕಡೆ ತಿರುಗಿಸಿ, ಸಹಿ ಎಲ್ಲಿ ಹಾಕಬೇಕು ಎಂದು ಬೆರಳಿಟ್ಟು ತೋರಿಸಿದಳು.