ಅಭಿಮನ್ಯುವಿಗೆ ವಯಸ್ಸೆಷ್ಟು?

ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಮೂವತ್ತೈದು ದಾಟಿದರೂ ಹೈಸ್ಕೂಲ್ ಹುಡುಗಿಯ ಡೈರಿಯನ್ನೇ ಹಾಡುತ್ತಾಳೆ, ಪ್ರೌಢಿಮೆ ಬಂದಿಲ್ಲ, ಅವಳ ಹಾಡು ಹದಿಹರೆಯದ ಹುಡುಗಿಯರಿಗಷ್ಟೇ ಎಂದು ಲೇಖನವೊಂದರಲ್ಲಿ ಓದಿದೆ; ಆ ಲೇಖಕರ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಕುಂಬಳೆ ಸೀಮೆಯಲ್ಲಿ ಅರುವತ್ತು ದಾಟಿದ ಯಕ್ಷಗಾನ ಕಲಾವಿದರು ಹುಡುಗ ಅಭಿಮನ್ಯುವಾಗಿ ಚಕ್ರವ್ಯೂಹಕ್ಕೆ ನುಗ್ಗುವುದನ್ನು ನಿದ್ದೆಗೆಟ್ಟು ನೋಡಿದವರು ನಾವು. ‘ಇವರಿಗೆ ಪ್ರಾಯಕ್ಕೆ ತಕ್ಕ ಬುದ್ಧಿ ಇಲ್ಲ’ ಅಂತ ಚೌಕಿಗೆ (ವೇಷ ಕಟ್ಟುವ ಕೋಣೆಗೆ) ಹೋಗಿ ಯಾರಾದರೂ ಹೇಳಿದ್ದುಂಟಾ?

ಅವಳ 2020ರ ‘ಫೋಕ್‌ಲೋರ್’ ಆಲ್ಬಮ್ ಕೇಳಿ. ಅದರ ಮೂರು ಹಾಡುಗಳಲ್ಲಿ ಒಂದೇ ಪ್ರೇಮಕಥೆಯನ್ನು ಮೂವರು ಹೇಳುತ್ತಾರೆ: ಮೋಸಹೋದವಳು, ನಡುವೆ ಬಂದವಳು, ಕ್ಷಮೆ ಕೇಳಲು ಬಂದ ಹದಿನೇಳರ ಹುಡುಗ. ಆ ಪೆದ್ದನ ಬಾಯಲ್ಲಿ ಪೆದ್ದು ಮಾತನ್ನೇ ಇಡಬೇಕಾದರೆ ಬರೆಯುವವಳು ಅವನನ್ನು ದಾಟಿ ನಿಂತಿರಬೇಕಲ್ಲ. ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲೂ ಅಷ್ಟೇ, ಮಾತನಾಡುವ ಒಬ್ಬರೇ ಅರ್ಥಧಾರಿ ಇವತ್ತು ಕರ್ಣ, ನಾಳೆ ಕೃಷ್ಣ.

ಹಾಡು ಬರೆಯುವುದೆಲ್ಲ ಜೊತೆಗಾರರು ಎಂಬ ಸಂಶಯಕ್ಕೆ 2010ರಲ್ಲೇ ಉತ್ತರ ಸಿಕ್ಕಿದೆ. ‘ಸ್ಪೀಕ್ ನೌ’ ಆಲ್ಬಮ್ಮಿನ 14 ಹಾಡುಗಳನ್ನೂ ಒಬ್ಬಳೇ ಬರೆದಳು, ಬಿಡುಗಡೆಯಾದಾಗ ವಯಸ್ಸು ಇಪ್ಪತ್ತು.

ಹಾಂ, 2024ರಲ್ಲಿ ಒಂದೇ ಆಲ್ಬಮ್ಮಿನ ಎರಡು ಕಂತು ಸೇರಿಸಿ 31 ಹಾಡು ಸುರಿದದ್ದು ಅತಿಯಾಯಿತು. ನಮ್ಮ ಭಾಗವತರಾಗಿದ್ದರೆ ನಡುವೆಯೇ ಜಾಗಟೆ ಹೊಡೆದು ಮುಗಿಸುತ್ತಿದ್ದರು.

ಇನ್ನು ‘ಹದಿಹರೆಯದ ಹುಡುಗಿಯರಿಗಷ್ಟೇ’ ಎಂದದ್ದು. ನನಗೆ 53. ಮಗಳು ಮಂಗಳೂರಿನ ಹಾಸ್ಟೆಲಿಗೆ ಹೋದ ಮೇಲೆ ಅವಳು ಬಿಟ್ಟುಹೋದ ಸ್ಪೀಕರಿನಲ್ಲಿ, ಅಡಿಕೆ ಸುಲಿಯುತ್ತಾ ಕೇಳಲು ಶುರುಮಾಡಿದ್ದು. ಇಂಗ್ಲಿಷ್ ಅರ್ಧ ತಿಳಿಯುವುದಿಲ್ಲ, ಫೋನು ಮಾಡಿ ಮಗಳನ್ನೇ ಕೇಳುತ್ತೇನೆ. ಆ ಕ್ಷಮೆ ಕೇಳುವ ಹುಡುಗನ ಮೇಲೆ ಅವಳಿಗೆ ಕೆಂಡದಂಥ ಸಿಟ್ಟು. ನನಗೆ, ಪಾಪ, ಒಳಗೆ ಕರೆದು ಒಂದು ಲೋಟ ಮಜ್ಜಿಗೆ ಕೊಡುವ ಅನ್ನಿಸುತ್ತದೆ.