ನಮ್ಮನ್ನ ಕೇಳಿದ್ರಾ? ಆದಿ ಕ್ರೈಸ್ತ ಸಭೆಯ ನಾಯಕತ್ವ ಇವತ್ತಿಗೂ ನಡೆಯುತ್ತದಾ: ಪರ-ವಿರೋಧ

ಪರ: ಕೇಳದೆ ಕಳಿಸಿದವರನ್ನ ನಮ್ಮವರು ಅನ್ನೋದು ಹೇಗೆ?

ಒಂದು ಭಾನುವಾರ, ಚರ್ಚಿನಲ್ಲಿ ಆರಾಧನೆ ಮುಗಿಯುವ ಮುಂಚೆ ಪ್ರಕಟಣೆಗಳ ಹೊತ್ತು. ಸೆಕ್ರೆಟರಿ ಜೇಬಿನಿಂದ ಒಂದು ಕಾಗದ ತೆಗೆದು ಓದಿದರು. ನಮ್ಮ ಪಾದ್ರಿ ಅಯ್ಯನವರಿಗೆ ವರ್ಗ ಆಗಿದೆ, ಮುಂದಿನ ತಿಂಗಳು ಹೊಸಬರು ಬರುತ್ತಾರೆ. ಅಷ್ಟೇ. ಹಿಂದಿನ ಬೆಂಚಿನಲ್ಲಿದ್ದ ಒಬ್ಬರು ಅಜ್ಜಿಗೆ ಕಿವಿ ಸ್ವಲ್ಪ ಮಂದ. ಪಕ್ಕದವರನ್ನ ಕೇಳಿ ತಿಳಿದುಕೊಂಡು ಜೋರಾಗಿಯೇ ಅಂದರು, "ನಮ್ಮನ್ನ ಕೇಳಿದ್ರಾ?" ಕೆಲವರು ನಕ್ಕರು. ನಾನೂ ನಕ್ಕೆ. ಸೆಕ್ರೆಟರಿ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು, ನಾವು ಎದ್ದು ನಿಂತು ಮುಂದಿನ ಕೀರ್ತನೆ ಹಾಡಿದೆವು.

ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಬೈಬಲಿನಲ್ಲಿ ಆದಿ ಸಭೆಯ ಕತೆ ಹೇಳುವ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆಗೆದು ಓದಿದೆ.

ಅಲ್ಲಿ ನಡೆದದ್ದು ಊಟದ ಜಗಳ. ಯೆರೂಸಲೇಮಿನ ಸಭೆಯಲ್ಲಿ ದಿನಾ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಗೊಣಗಾಟ ಶುರುವಾಯಿತು. ಹನ್ನೆರಡು ಮಂದಿ ಅಪೊಸ್ತಲರು ಏನು ಬೇಕಾದರೂ ಮಾಡಬಹುದಿತ್ತು. ಯೇಸುವಿನ ಜೊತೆಯಲ್ಲೇ ತಿರುಗಿದವರು, ಒಂದು ಸರ್ಕ್ಯುಲರ್ ಹೊರಡಿಸಿದ್ದರೆ ಯಾರು ಎದುರು ಮಾತಾಡುತ್ತಿದ್ದರು? ಆದರೆ ಅವರು ಎಲ್ಲರನ್ನೂ ಕರೆದು, ನಿಮ್ಮಲ್ಲೇ ಏಳು ಜನರನ್ನ ನೋಡಿ ಆರಿಸಿಕೊಳ್ಳಿ ಅಂದರು. ಸಭೆ ಆರಿಸಿದ ಹೆಸರುಗಳನ್ನ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ದೂರು ಕೊಟ್ಟವರ ಕಡೆಯವರ ಕೈಗೇ ಸೌಟು ಹೋಯಿತು! ಇವತ್ತು ಯಾವ ಸಭೆಯಲ್ಲಿ ಲೆಕ್ಕ ಕೇಳಿದವನನ್ನ ಖಜಾಂಚಿ ಮಾಡಿದ್ದಾರೆ ಹೇಳಿ. ಕೇಳಿದವನ ಹೆಸರು ಮುಂದಿನ ಸಲ ಮತದಾರರ ಪಟ್ಟಿಯಲ್ಲಿದ್ದರೆ ಅದೇ ಪುಣ್ಯ.

ಇನ್ನೊಂದು ವಿಷಯ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಒಂದು ಸಭೆಗೆ ಒಬ್ಬನೇ ಯಜಮಾನ ಅನ್ನೋ ಏರ್ಪಾಡು ಕಾಣುವುದಿಲ್ಲ. ಊರೂರಿಗೆ ಸುವಾರ್ತೆ ಸಾರುತ್ತಿದ್ದ ಪೌಲ ಮಿಲೇತ ಅನ್ನೋ ಊರಿನಿಂದ ಹೇಳಿ ಕಳಿಸಿ ಎಫೆಸದ ಸಭೆ ನಡೆಸುವ ಹಿರಿಯರನ್ನ ಕರೆಸುತ್ತಾನೆ, ಒಬ್ಬ ಹಿರಿಯನನ್ನಲ್ಲ. ಅದೇ ಹಿರಿಯರನ್ನ ಅದೇ ಮಾತಿನಲ್ಲಿ ಅಧ್ಯಕ್ಷರು ಅಂತಲೂ ಕರೆಯುತ್ತಾನೆ. ಆ ಗ್ರೀಕ್ ಪದದಿಂದಲೇ ಬಿಷಪ್ ಅನ್ನೋ ಪದ ಬಂದದ್ದು. ಫಿಲಿಪ್ಪಿಯವರಿಗೆ ಬರೆದ ಪತ್ರದ ಮೊದಲ ಸಾಲಿನಲ್ಲೂ ಸಭಾಧ್ಯಕ್ಷರು ಅಂತ ಬಹುವಚನವೇ ಇದೆ. ಒಂದೇ ಊರಿನ ಸಭೆಗೆ ಹಲವು ಬಿಷಪ್ಪರು! ಈಗ ಎಷ್ಟೋ ಜಿಲ್ಲೆಗಳಿಗೆ ಸೇರಿ ಒಬ್ಬರು.

ಕ್ರೇತ ದ್ವೀಪದಲ್ಲಿ ಬಿಟ್ಟುಬಂದ ತನ್ನ ಜೊತೆಗಾರ ತೀತನಿಗೆ ಪೌಲ ಊರೂರಿಗೂ ಹಿರಿಯರನ್ನ ನೇಮಿಸು ಅಂದ, ಅದು ಮೇಲಿನಿಂದ ಬಂದ ನೇಮಕ ಅಲ್ವಾ ಅಂತ ಕೇಳುತ್ತಾರೆ. ಇರಬಹುದು. ಆದರೆ ಕ್ರೇತದ ಊರುಗಳಿಗೆ ಕ್ರೇತದವರನ್ನೇ ನೇಮಿಸಿದ, ಎಲ್ಲಿಂದಲೋ ವರ್ಗ ಮಾಡಿ ತರಲಿಲ್ಲ ಅಂತಲೇ ನಾನು ಅದನ್ನ ಓದುತ್ತೇನೆ. ಆ ಮಾತು ಅಲ್ಲಿಗೆ ಬಿಡಿ.

ಈ ಪದ್ಧತಿ ಅಪೊಸ್ತಲರ ಜೊತೆಗೇ ಮುಗಿಯಿತಾ? ಇಲ್ಲ. ದಿದಾಖೆ ಅಂತ ಒಂದು ಪುಟ್ಟ ಬರಹ ಇದೆ, ತುಂಬಾ ಹಳೆಯ ಕಾಲದ್ದು, ಸಭೆ ಹೇಗೆ ನಡೆಸಬೇಕು ಅಂತ ಹೇಳುವುದು. ಅದರಲ್ಲಿ ಸಭೆಯವರಿಗೇ ಹೇಳಿದೆ, ನಿಮ್ಮ ಅಧ್ಯಕ್ಷರನ್ನೂ ಸೇವಕರನ್ನೂ ನೀವೇ ಆರಿಸಿಕೊಳ್ಳಿ ಅಂತ. ಊರಿಗೆ ಬಂದ ಪ್ರವಾದಿ ದುಡ್ಡು ಕೇಳಿದರೆ ಅವನು ಸುಳ್ಳು ಪ್ರವಾದಿ, ಮೂರು ದಿನ ಝಂಡಾ ಊರಿದರೂ ಸುಳ್ಳು ಪ್ರವಾದಿ ಅಂತಲೂ ಇದೆ. ಇದನ್ನ ನಮ್ಮ ಕನ್ವೆನ್ಷನ್ ಪೆಂಡಾಲಿನ ಬಾಗಿಲಲ್ಲಿ ಬರೆಸಬೇಕು ಅಂತ ನನಗೆ ಬಹಳ ದಿನದ ಆಸೆ. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸಿಪ್ರಿಯನ್ ಬಿಷಪ್ ಆಗಿದ್ದ, 258ರಲ್ಲಿ ನಂಬಿಕೆಗಾಗಿ ತಲೆ ಕೊಟ್ಟವನು. ಹಿರಿಯರ ಸಲಹೆ, ಜನರ ಒಪ್ಪಿಗೆ ಇಲ್ಲದೆ ಏನೂ ಮಾಡಬಾರದು ಅಂತ ಶುರುವಿನಲ್ಲೇ ತೀರ್ಮಾನ ಮಾಡಿದ್ದೆ ಅಂತ ತನ್ನ ಸಭೆಯ ಹಿರಿಯರಿಗೆ ಬರೆಯುತ್ತಾನೆ. 374ರಲ್ಲಿ ಮಿಲಾನಿನ ಜನ ಗಲಾಟೆ ನಿಲ್ಲಿಸಲು ಬಂದ ಗವರ್ನರ್ ಆಂಬ್ರೋಸನನ್ನೇ, ಇವನೇ ನಮ್ಮ ಬಿಷಪ್ ಅಂತ ಕೂಗಿ ಹಿಡಿದುಕೊಂಡರು. ಅವನಿಗೆ ಆಗ ದೀಕ್ಷಾಸ್ನಾನವೂ ಆಗಿರಲಿಲ್ಲ!

ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಹೆಸರು ಎತ್ತುವವರು ಇದ್ದೇ ಇರುತ್ತಾರೆ. ಎರಡನೇ ಶತಮಾನದ ಶುರುವಿನಲ್ಲೇ ಬಿಷಪ್ಪರನ್ನ ಬಿಟ್ಟು ಏನೂ ಮಾಡಬೇಡಿ ಅಂತ ಬರೆದವನು ಅವನು. ಸರಿ ಸ್ವಾಮಿ. ಅವನು ಅದನ್ನ ಬರೆದದ್ದು ರೋಮಿನಲ್ಲಿ ಕಾಡುಮೃಗಗಳ ಬಾಯಿಗೆ ಹಾಕಲು ಸಿಪಾಯಿಗಳು ಎಳೆದುಕೊಂಡು ಹೋಗುತ್ತಿದ್ದಾಗ. ನಮ್ಮವರು ಅದನ್ನ ಓದಿ ಹೇಳುವುದು ಬಿಳಿ ಕಾರಿನಿಂದ ಇಳಿದು, ಕೊರಳಿಗೆ ಹಾರ ಹಾಕಿಸಿಕೊಂಡ ಮೇಲೆ.

ಈಗ ವರ್ಗದ ವಿಷಯ. ಇದು ಗೊತ್ತಾದಾಗ ನನಗೇ ನಂಬಿಕೆ ಬರಲಿಲ್ಲ. 325ರಲ್ಲಿ ನೈಸೀಯದಲ್ಲಿ ಬಿಷಪ್ಪರ ದೊಡ್ಡ ಸಭೆ ಸೇರಿತಲ್ಲ, ನಮ್ಮ ವಿಶ್ವಾಸ ಪ್ರಮಾಣಕ್ಕೆ ಅಡಿಪಾಯ ಹಾಕಿದ್ದು, ಅದರ 15ನೇ ನಿಯಮ ಏನು ಗೊತ್ತಾ? ಬಿಷಪ್ ಆಗಲಿ ಪ್ರೆಸ್ಬಿಟರ್ (ಹಿರಿಯ) ಆಗಲಿ ಡೀಕನ್ (ಸೇವಕ) ಆಗಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಹಾಗಿಲ್ಲ. ಹೋದರೆ ವಾಪಸ್ ಮೊದಲಿನ ಸಭೆಗೇ ಕಳಿಸಬೇಕು. ದೊಡ್ಡ ಊರಿಗೆ ಜಿಗಿಯುವ ಆಸೆ, ಅದರಿಂದ ಆಗುವ ಜಗಳ, ಎಲ್ಲಾ ಆಗಲೇ ಇತ್ತು. ಅದಕ್ಕೇ ತಡೆದರು. ವಿಶ್ವಾಸ ಪ್ರಮಾಣವನ್ನ ಬಾಯಿಪಾಠ ಮಾಡಿದ್ದೇವೆ, 15ನೇ ನಿಯಮ ಮಾತ್ರ ಯಾರಿಗೂ ನೆನಪಿಲ್ಲ.

ನಮ್ಮಲ್ಲೂ ಚುನಾವಣೆ ಇದೆಯಲ್ಲ ಅನ್ನುತ್ತೀರಿ. 1947ರಲ್ಲಿ ಹಲವು ಪ್ರಾಟೆಸ್ಟೆಂಟ್ ಸಭೆಗಳು ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದಾಗ ಬಿಷಪ್ ಬೇಡ ಅನ್ನುತ್ತಿದ್ದ ಸಭೆಗಳೂ ಒಳಗೆ ಬಂದವು, ಬಿಷಪ್ಪರು ಕೌನ್ಸಿಲಿನ ಜೊತೆ ಕೂತು ಆಳಬೇಕು ಅಂತ ಮಾಡಿಕೊಂಡವು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಡಯಾಸಿಸ್, ಅಂದರೆ ಒಬ್ಬ ಬಿಷಪ್ಪರ ಪ್ರಾಂತ್ಯದ ಕೌನ್ಸಿಲ್ ಆರಿಸಿ ಕಳಿಸುವುದು ಒಂದಿಷ್ಟು ಹೆಸರನ್ನ, ಕೊನೆಯ ಮಾತು ಇಡೀ ಸಿಎಸ್‌ಐ ಮೇಲಿರುವ ಸಿನಡ್ ಕಡೆಯದು. ಕಥೋಲಿಕರಲ್ಲಂತೂ ಬಿಷಪ್ ನೇಮಕ ಪೋಪ್ ಕೈಯಲ್ಲಿ. ಎಲ್ಲಾ ಮುಗಿದ ಮೇಲೆ ಒಂದು ಭಾನುವಾರ ಸೆಕ್ರೆಟರಿ ಜೇಬಿನಿಂದ ಕಾಗದ ಬರುತ್ತದೆ.

ಹೋದ ಅಯ್ಯನವರು ಆ ಅಜ್ಜಿಯ ಮನೆಗೆ ತಿಂಗಳಿಗೊಂದು ಸಲ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಹೋಗುತ್ತಿದ್ದರು. ಅಜ್ಜಿಗೆ ಎಡ ಕಿವಿ ಕೇಳುವುದಿಲ್ಲ, ಬಲಗಡೆ ಕೂತುಕೊಳ್ಳಬೇಕು. ಹೊಸಬರು ಎಡಗಡೆ ಕೂತು ಪ್ರಾರ್ಥನೆ ಮಾಡಿ ಬಂದರು.

ವಿರೋಧ: ಬೀಗ ಹಾಕಿದ ಮೇಲೆ ಯಾರನ್ನ ಕೇಳ್ತೀರಿ?

ನನಗೆ ಈ ಕಡೆ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಪೂರ್ತಿ ಒಪ್ಪಿಗೆ ಇದೆಯಾ ಅಂತ ಮಾತ್ರ ಕೇಳಬೇಡಿ. ಬಿಷಪ್ಪರ ಪರವಾಗಿ ವಾದ ಮಾಡೋದು ಈ ಕಾಲದಲ್ಲಿ ಸುಮ್ನೆ ಬೈಸಿಕೊಳ್ಳುವ ಕೆಲಸ.

ಆದಿ ಸಭೆ ಅಂದ ಕೂಡಲೇ ಎಲ್ಲರೂ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ಓದುತ್ತಾರೆ. 14ನೇ ಅಧ್ಯಾಯ ಯಾರೂ ಓದಲ್ಲ. ಅಲ್ಲಿ ಪ್ರತಿ ಸಭೆಗೂ ಹಿರಿಯರನ್ನ ನೇಮಿಸಿದ್ದು ಪೌಲ ಮತ್ತು ಅವನ ಜೊತೆಗಾರ ಬಾರ್ನಬ. ಯೆರೂಸಲೇಮಿನಲ್ಲಿ ಸುನ್ನತಿ ಬೇಕಾ ಬೇಡವಾ ಅಂತ ಚರ್ಚೆ ಬಂದಾಗ ಎಲ್ಲರೂ ಮಾತಾಡಿದರು, ನಿಜ. ಕೊನೆಗೆ ಅಲ್ಲಿನ ಮುಖಂಡ ಯಾಕೋಬ ಎದ್ದು ನಿಂತು ನನ್ನ ತೀರ್ಮಾನ ಹೀಗೆ ಅಂದ. ಅದೇ ನಡೆಯಿತು. ಕೈ ಎತ್ತಿಸಿ ಎಣಿಸಿದ್ದು ನನಗೇನೂ ಕಾಣಲಿಲ್ಲ.

ಅದಿರಲಿ, ಆದಿ ಸಭೆ ಏನು ಸ್ವರ್ಗವಾ? ಕೊರಿಂಥದಲ್ಲಿ ನಾನು ಪೌಲನವನು, ನಾನು ಅಪೊಲ್ಲೋಸನವನು ಅಂತ ಬಣಗಳು. ಮೊದಲನೇ ಶತಮಾನ ಮುಗಿಯುವ ಹೊತ್ತಿಗೆ ಅದೇ ಕೊರಿಂಥದವರು ತಮ್ಮ ಹಿರಿಯರನ್ನೇ ಕೆಳಗಿಳಿಸಿದರು, ರೋಮಿನ ಸಭೆ ಉದ್ದದ ಪತ್ರ ಬರೆದು ಬುದ್ಧಿ ಹೇಳಬೇಕಾಯಿತು. ಜನರೇ ಆರಿಸಲಿ ಅನ್ನುವವರು ಆಂಬ್ರೋಸನ ಕತೆ ಹೇಳಿ ಅದಕ್ಕಿಂತ ಎಂಟು ವರ್ಷ ಹಿಂದಿನ ಕತೆ ಬಿಟ್ಟುಬಿಡುತ್ತಾರೆ. 366ರಲ್ಲಿ ರೋಮಿನಲ್ಲಿ ಬಿಷಪ್ ಪಟ್ಟಕ್ಕೆ ಪೈಪೋಟಿ ನಡೆಸಿದ ಡಮಾಸಸ್, ಉರ್ಸಿನಸ್ ಇಬ್ಬರ ಕಡೆಯವರೂ ಬಡಿದಾಡಿಕೊಂಡು, ಒಂದೇ ದಿನ ಒಂದು ದೇವಾಲಯದಲ್ಲಿ 137 ಹೆಣ ಸಿಕ್ಕವು ಅಂತ ಆ ಕಾಲದ ಚರಿತ್ರೆಕಾರ ಅಮಿಯಾನಸ್ ಬರೆದಿದ್ದಾನೆ. 137! ನಮ್ಮ ಪಾಸ್ಟೋರೇಟ್ ಕಮಿಟಿ ಎಲೆಕ್ಷನ್ನಿನಲ್ಲಿ ಹೆಚ್ಚೆಂದರೆ ಕುರ್ಚಿ ಮುರಿಯುತ್ತದೆ.

ವರ್ಗದ ವಿಷಯಕ್ಕೆ ನಾನು ಬರುವುದಿಲ್ಲ, ಅದು ಬೇರೆ ಚರ್ಚೆ. ಆದರೆ ಒಂದು ಕೇಳುತ್ತೇನೆ. 2013ರಲ್ಲಿ ಸಿಎಸ್‌ಐಗೆ ಮೊದಲ ಮಹಿಳಾ ಬಿಷಪ್ ಬಂದರು, ನಂದ್ಯಾಲಕ್ಕೆ. ಊರೂರಿನ ಸಭೆಯಲ್ಲಿ ಕೈ ಎತ್ತಿಸಿ ಕೇಳಿದ್ದರೆ ಅದು ಆಗುತ್ತಿತ್ತಾ? ನಮ್ಮ ಸಭೆಯ ಗಂಡಸರು ನನಗೆ ಗೊತ್ತು. ಪೌಲನ ಪತ್ರದಲ್ಲಿ ಬರುವ ಕೆಂಖ್ರೆಯ ಫೊಯಿಬೆ ಸಭಾಸೇವಕಿ ಆಗಿದ್ದಳು ಅಂದರೆ ಹೌದಾ ಅಂತ ತಲೆ ಆಡಿಸಿ ಕಾಫಿಗೆ ಹೋಗುವವರು.

ನನ್ನ ನಿಜವಾದ ಕಾರಣ ಇದ್ಯಾವುದೂ ಅಲ್ಲ, ನಮ್ಮ ಮಾವ.

ಮಾವ ಬೆಂಗಳೂರಿನ ಒಂದು ದೊಡ್ಡ ಸಭೆಯಲ್ಲಿದ್ದವರು. ಅಲ್ಲಿನ ರಾಜಕೀಯ ಸಾಕಾಗಿ ಹನ್ನೊಂದು ಕುಟುಂಬ ಸೇರಿ ಹೊರಗೆ ಬಂದರು. ಟೈರ್ ಅಂಗಡಿಯ ಮೇಲಿನ ಹಾಲಿನಲ್ಲಿ ಪ್ರಾರ್ಥನೆ, ಬಿಷಪ್ ಇಲ್ಲ, ಕಮಿಟಿ ಇಲ್ಲ. ಇಲ್ಲಿ ಎಲ್ಲರೂ ಹಿರಿಯರೇ ಅಂತ ಮಾವ ಹೆಮ್ಮೆಯಿಂದ ಹೇಳುತ್ತಿದ್ದರು. ಆರಾಧನೆ ಆದ ಮೇಲೆ ಎಲ್ಲರೂ ಚಾಪೆ ಹಾಸಿ ಒಟ್ಟಿಗೆ ಊಟ. ನಾನು ಎರಡು ಮೂರು ಸಲ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಅಂಥ ಊಟ, ಅಂಥ ನಗು ನಮ್ಮ ದೊಡ್ಡ ಸಭೆಯಲ್ಲಿ ನಾನು ಕಂಡಿಲ್ಲ.

ಅವರಲ್ಲೊಬ್ಬರು ಚೆನ್ನಾಗಿ ಪ್ರಸಂಗ ಮಾಡುತ್ತಿದ್ದರು. ಮೊದಲು ಬ್ರದರ್ ಆಗಿದ್ದವರು ಬರುಬರುತ್ತಾ ಪಾಸ್ಟರ್ ಆದರು. ಯಾರೂ ನೇಮಿಸಲಿಲ್ಲ, ಯಾರೂ ಆರಿಸಲೂ ಇಲ್ಲ, ಆದರು. ಎಲ್ಲರೂ ತಿಂಗಳು ತಿಂಗಳು ದುಡ್ಡು ಹಾಕಿ ಮೂವತ್ತು ನಲವತ್ತರ ಒಂದು ಸೈಟು ಕೊಂಡರು. ಟ್ರಸ್ಟ್ ಮಾಡಿಸೋಕೆ ಟೈಮ್ ಬೇಕು, ಸದ್ಯಕ್ಕೆ ನನ್ನ ಹೆಸರಲ್ಲೇ ಇರಲಿ ಅಂದರು ಪಾಸ್ಟರ್. ಎಲ್ಲರೂ ಆಮೆನ್ ಅಂದರು. ಶೀಟು ಹೊದಿಸಿ ಸಭಾಲಯ ಆಯಿತು. ಆರೇಳು ವರ್ಷ ಆದ ಮೇಲೆ ಕಾಣಿಕೆಯ ಲೆಕ್ಕದ ಮಾತು ಬಂತು. ಕೇಳಿದವರು ಮಾವ.

ಮುಂದಿನ ಭಾನುವಾರ ಗೇಟಿಗೆ ಹೊಸ ಬೀಗ. ಮಾವ ತಮ್ಮ ಹತ್ತಿರ ಇದ್ದ ಕೀಲಿ ಹಾಕಿ ತಿರುಗಿಸುತ್ತಲೇ ಇದ್ದರು. ಅದು ಬೇರೆ ಬೀಗ ರೀ ಅಂತ ಅತ್ತೆ ಎರಡು ಸಲ ಹೇಳಿದರು. ಕಿಟಕಿಯಿಂದ ನೋಡಿದರೆ ಮಾವನ ಹಾರ್ಮೋನಿಯಂ ಒಳಗಡೆ, ಮೇಲೆ ಹೊದಿಸಿದ್ದ ಬಟ್ಟೆ ಸಮೇತ. ಪೊಲೀಸರ ಹತ್ತಿರ ಹೋದರು, ಪತ್ರ ಯಾರ ಹೆಸರಿಗಿದೆ ಅಂತ ಕೇಳಿ ಇದು ಸಿವಿಲ್ ಮ್ಯಾಟರ್ ಅಂದರು. ಅವತ್ತು ಒಬ್ಬ ಬಿಷಪ್ ಇದ್ದಿದ್ದರೆ, ಎಂಥ ಬಿಷಪ್ಪೇ ಆಗಲಿ, ಅರ್ಜಿ ಬರೆದು ಗೇಟಿನ ಮುಂದೆ ಹೋಗಿ ಕೂರುವುದಕ್ಕಾದರೂ ಒಂದು ಆಫೀಸು ಇರುತ್ತಿತ್ತು. ಯೋಹಾನನ 3ನೇ ಪತ್ರದಲ್ಲಿ ದಿಯೊತ್ರೇಫ ಅಂತ ಒಬ್ಬ ಬರುತ್ತಾನೆ. ಮೊದಲ ಸ್ಥಾನ ತನಗೇ ಬೇಕು ಅನ್ನುವವನು, ಬೇಡದವರನ್ನ ಸಭೆಯಿಂದ ಹೊರಗೆ ಹಾಕುವವನು. ಅದೂ ಆದಿ ಸಭೆಯೇ. ಅವನ ಮೇಲೆ ದೂರು ಹೋಗಲು ಯೋಹಾನನಾದರೂ ಇದ್ದ.

ನಮ್ಮ ಬಿಷಪ್ಪರು ಬೀಗ ಹಾಕಲ್ವಾ ಅಂತ ನೀವು ಕೇಳಿದರೆ ನಾನು ಈ ಬರಹ ಇಲ್ಲಿಗೇ ನಿಲ್ಲಿಸಬೇಕಾಗುತ್ತದೆ.

ಮಾವ ಈಗ ಹಳೇ ಸಭೆಗೇ ವಾಪಸ್ ಬಂದಿದ್ದಾರೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಬಿಷಪ್ಪರನ್ನ ಬೈಯುತ್ತಾರೆ, ಅತ್ತೆ ಇನ್ನೊಂದು ಸೌಟು ಸಾರು ಹಾಕುತ್ತಾರೆ.