ಅರ್ಧ ಬೆಲೆಗೆ ಸಿಕ್ಕ ಕುಟಿನ್ಯೊ

ಮತ್ತೆ ಶುರುವಾಯ್ತು. ಲೋನ್ ಮೇಲೆ, ಅಂದ್ರೆ ಬೇರೆ ಫುಟ್‌ಬಾಲ್ ಕ್ಲಬ್ಬಿನಿಂದ ಸ್ವಲ್ಪ ಕಾಲಕ್ಕೆ ಎರವಲಾಗಿ ಬಂದ ಮಿಡ್‌ಫೀಲ್ಡರ್ ಒಬ್ಬ ನಿನ್ನೆ ರಾತ್ರಿ ಒಂದು ಪಾಸ್ ಕೊಟ್ಟ, ಗೋಲಾಯ್ತು. ಹದಿನೈದು ಸೆಕೆಂಡಿನ ಆ ಕ್ಲಿಪ್ ಬೆಳಗಾಗುವಷ್ಟರಲ್ಲಿ ಎಲ್ಲರ ಗೋಡೆ ಮೇಲೂ ಬಂದು ಕೂತಿದೆ. ಕೆಳಗೆ ಅದೇ ಹಳೇ ಜಗಳ. "ಪರ್ಮನೆಂಟ್ ಮಾಡ್ಕೊಳ್ರೋ, ಇಷ್ಟು ಚೀಪಾಗಿ ಇನ್ಯಾರು ಸಿಗ್ತಾರೆ" ಅನ್ನೋರು ಒಂದು ಕಡೆ, "ಎರಡು ಗೋಲಿಗೆ ಇಷ್ಟು ದುಡ್ಡಾ" ಅನ್ನೋರು ಇನ್ನೊಂದು ಕಡೆ. ಹುಡುಗನ ಹೆಸರು ಬೇಡ ಬಿಡಿ. ಇವತ್ತು ಅವನು, ಜನವರಿಗೆ ಇನ್ನೊಬ್ಬ. ನನಗೆ ಉರಿಯೋದು ಬೇರೆ ಕಾರಣಕ್ಕೆ: ಕಿತ್ತಾಡ್ತಿರೋ ಎರಡೂ ಕಡೆಯವರ ಕೈಯಲ್ಲಿರೋದು ಅವೇ ಎರಡು ಅಂಕಿ. ಗೋಲು ಎಷ್ಟು, ಬೆಲೆ ಎಷ್ಟು.

ಸರಿ, ಅಂಕಿಯಿಂದಲೇ ಬರೋಣ. ಹೆಸರು ಮುಚ್ಚಿಟ್ಟು ಇಬ್ಬರನ್ನು ಮುಂದಿಡ್ತೀನಿ. ಇಬ್ಬರೂ ಸ್ಪೇನಿನ ದೊಡ್ಡ ಕ್ಲಬ್ಬಿನಿಂದ ಜನವರಿಯಲ್ಲಿ ಇಂಗ್ಲೆಂಡಿಗೆ ಅರ್ಧ ಸೀಸನ್ ಲೋನ್ ಮೇಲೆ ಬಂದವರು. ಒಬ್ಬ 19 ಲೀಗ್ ಪಂದ್ಯ, 5 ಗೋಲು, 3 ಅಸಿಸ್ಟ್ (ಬೇರೆಯವರ ಗೋಲಿಗೆ ಕೊಟ್ಟ ಪಾಸ್). ಇನ್ನೊಬ್ಬ 14 ಪಂದ್ಯ, 1 ಗೋಲು, 2 ಅಸಿಸ್ಟ್. ಮೊದಲನೆಯವನ ಬೆಲೆ 1.7 ಕೋಟಿ ಪೌಂಡ್, ಎರಡನೆಯವನದು ಹೆಚ್ಚುಕಡಿಮೆ 3 ಕೋಟಿ. ಯಾರನ್ನು ಕೊಳ್ತೀರಿ?

ಮೊದಲನೆಯವನು 2022ರಲ್ಲಿ ಆಸ್ಟನ್ ವಿಲ್ಲಾಗೆ ಬಂದ ಫಿಲಿಪ್ ಕುಟಿನ್ಯೊ. ಎರಡನೆಯವನು 2021ರಲ್ಲಿ ಆರ್ಸೆನಲ್‌ಗೆ ಬಂದ ಮಾರ್ಟಿನ್ ಓಡೆಗಾರ್ಡ್. ಒಬ್ಬ ಮುಂದಿನ ವರ್ಷ ಬೆಂಚಿನ ಮೇಲೆ ಕೂತ, ಆಮೇಲೆ ಕತಾರಿಗೆ ಲೋನ್, ಆಮೇಲೆ ವಾಸ್ಕೊ ಡ ಗಾಮಾಗೆ ಲೋನ್. ಇನ್ನೊಬ್ಬ ಮರುವರ್ಷ ಕ್ಯಾಪ್ಟನ್, 2022–23ರ ಲೀಗಿನಲ್ಲಿ 15 ಗೋಲು. ನಿಮ್ಮ ಎರಡು ಅಂಕಿಯ ವಿದ್ಯೆ ಇಲ್ಲೇ ಮಕಾಡೆ ಮಲಗಿತು.

"ಆದ ಮೇಲೆ ಎಲ್ಲರೂ ಜಾಣರೇ" ಅಂತ ಈಗ ಯಾರೋ ಟೈಪ್ ಮಾಡ್ತಿದ್ದಾರೆ, ಗೊತ್ತು. ಇಲ್ಲ ಸ್ವಾಮಿ. ಕುಟಿನ್ಯೊ ವಿಷಯ ಸಹಿ ಬೀಳೋ ಮೊದಲೇ ಕಣ್ಣಿಗೆ ಕಾಣ್ತಿತ್ತು. ತಾರೀಕು ಹಿಡಿದು ನೋಡಿ. ಜನವರಿ 15, ಮ್ಯಾಂಚೆಸ್ಟರ್ ಯುನೈಟೆಡ್ ಎದುರು ವಿಲ್ಲಾ 0–2 ಹಿಂದೆ. ಬೆಂಚಿನಿಂದ ಎದ್ದುಬಂದವನು ಜೇಕಬ್ ರಾಮ್ಸೀಗೆ ಒಂದು ಗೋಲು ಮಾಡಿಸಿ, ತಾನೊಂದು ಹೊಡೆದು 2–2 ಮಾಡಿದ. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು, ಮೈ ಜುಮ್ಮೆಂದಿತ್ತು, ಒಪ್ಪಿಕೊಳ್ತೀನಿ. ಫೆಬ್ರವರಿ 9, ಲೀಡ್ಸ್ ಜೊತೆ 3–3: ಒಂದು ಗೋಲು, ಎರಡು ಅಸಿಸ್ಟ್. ಮೂರು ಅಸಿಸ್ಟ್ ಅಲ್ಲಿಗೆ ಮುಗೀತು. ಮಾರ್ಚ್ 5ಕ್ಕೆ ಸೌತಾಂಪ್ಟನ್ ಮೇಲೆ ಒಂದು, ಮಾರ್ಚ್ 10ಕ್ಕೆ ಮತ್ತೆ ಲೀಡ್ಸ್ ಮೇಲೆ ಒಂದು. ಅಲ್ಲಿಂದ ಮೇ 12ರಂದು ವಿಲ್ಲಾ ಖರೀದಿ ಘೋಷಿಸುವವರೆಗೆ ಎರಡು ತಿಂಗಳು ಲೀಗಿನಲ್ಲಿ ಗೋಲೂ ಇಲ್ಲ, ಅಸಿಸ್ಟೂ ಇಲ್ಲ. ಐದನೇ ಗೋಲು ಬಂದಿದ್ದೇ ಸಹಿಯಾದ ಮೇಲೆ, ಲೀಗಿನ ಕೊನೇ ದಿನ ಮ್ಯಾಂಚೆಸ್ಟರ್ ಸಿಟಿ ಎದುರು.

ಇನ್ನೊಂದು ಸಲ ನೋಡಿ: ಎಂಟು ಕೊಡುಗೆಗಳಲ್ಲಿ ನಾಲ್ಕು ಲೀಡ್ಸ್ ಒಂದರ ಮೇಲೇ. ಆ ಸೀಸನ್ ಲೀಡ್ಸ್ ತಿಂದ ಗೋಲು 79. ಫೆಬ್ರವರಿಯಲ್ಲಿ ಅವರಿನ್ನೂ ಕೋಚ್ ಬೀಯೆಲ್ಸಾ ಕೈಕೆಳಗೆ ಮೈದಾನದ ತುಂಬ ಒಬ್ಬನಿಗೊಬ್ಬನಂತೆ ಬೆನ್ನುಹತ್ತಿ ಆಡ್ತಿದ್ರು. ಅಂಥ ತಂಡದ ಎದುರು ಒಬ್ಬನನ್ನು ತಪ್ಪಿಸಿದರೆ ಸಾಕು, ಹಿಂದೆ ಬಯಲೋ ಬಯಲು. ಕುಟಿನ್ಯೊಗೆ ಅದು ಹಬ್ಬದೂಟ. ಪೆನಾಲ್ಟಿ ಬಾಕ್ಸಿನ ಮುಂದೆ ಎರಡು ಸಾಲು ಕಟ್ಟಿ ನಿಲ್ಲುವ ತಂಡದ ಎದುರು ಆ ಊಟ ಸಿಗಲ್ಲ.

ಹಾಗಾಗಿ ಲೋನ್ ಆಟಗಾರನ ಗೋಲು ಎಣಿಸೋಕೆ ಮೊದಲು ಅವು ಯಾವ ತಿಂಗಳಲ್ಲಿ, ಯಾರ ಮೇಲೆ ಬಂದವು ಅಂತ ಪಟ್ಟಿ ಮಾಡಿ. ಪೆನಾಲ್ಟಿ ತೆಗೀರಿ. ಆಮೇಲೆ ಕ್ಲಿಪ್ ಬಿಟ್ಟು ಇಡೀ ಪಂದ್ಯ ನೋಡಿ, ಅದೂ ಎದುರಾಳಿಯ ಊರಲ್ಲಿ ಆಡಿದ್ದು. ಬೆನ್ನ ಮೇಲೆ ಎದುರಾಳಿ ಇದ್ದಾಗ ಚೆಂಡು ಬರೋ ಮುಂಚೆ ತಲೆ ತಿರುಗಿಸಿ ಹಿಂದೆ ನೋಡ್ತಾನಾ, ಅರ್ಧ ತಿರುಗಿ ತಗೊಂಡು ಮುಂದಕ್ಕೆ ಹೋಗ್ತಾನಾ, ಅಥವಾ ಬಂದ ಚೆಂಡನ್ನು ಹಿಂದಿನ ಡಿಫೆಂಡರಿಗೇ ವಾಪಸ್ ತಳ್ತಾನಾ? ಚೆಂಡು ಕಳೆದ ಮೊದಲ ಮೂರು ಸೆಕೆಂಡು ಏನು ಮಾಡ್ತಾನೆ? ಕೈ ಚೆಲ್ಲಿ ರೆಫರಿ ಮುಖ ನೋಡೋನಾ, ಬೆನ್ನಟ್ಟೋನಾ? ಓಡೆಗಾರ್ಡ್‌ನ ಆ 14 ಪಂದ್ಯ ಹೀಗೆ ನೋಡಿದವರಿಗೆ ಅನುಮಾನ ಇರಲಿಲ್ಲ. ಚೆಂಡು ಹೋದ ಕ್ಷಣ ಪ್ರೆಸ್, ಅಂದ್ರೆ ಅದನ್ನು ಕಸಿಯೋಕೆ ಎದುರಾಳಿ ಮೇಲೆ ಬೀಳೋದು, ಶುರು ಮಾಡಿ, ಕೈ ಸನ್ನೆಯಲ್ಲಿ ಮಿಕ್ಕವರನ್ನೂ ಮುಂದಕ್ಕೆ ಎಳೀತಿದ್ದವನು ಅವನು. ಅದು ಕ್ಲಿಪ್ಪಿಗೆ ಸಿಗಲ್ಲ, ಸಿಕ್ಕರೂ ಯಾರೂ ಲೈಕ್ ಒತ್ತಲ್ಲ.

ಇನ್ನು ದುಡ್ಡು. ಇಲ್ಲೇ ಎಲ್ಲರೂ ಜಾರೋದು. ವಿಲ್ಲಾಗಿದ್ದ ಆಪ್ಷನ್, ಅಂದ್ರೆ ಬೇಕಿದ್ದರೆ ಕೊಳ್ಳೋ ಹಕ್ಕಿನ ಬೆಲೆ, ಮೊದಲು 3.3 ಕೋಟಿ ಪೌಂಡ್ ಇತ್ತು, ಚೌಕಾಸಿ ಮಾಡಿ 1.7ಕ್ಕೆ ಇಳಿಸಿದ್ರು. "ಅರ್ಧ ರೇಟು!" ಅಂತ ಕುಣಿದವರಲ್ಲಿ ಈ ಬಡಪಾಯಿಯೂ ಒಬ್ಬ. ಅಲ್ಲ, ಬಾರ್ಸಿಲೋನಾದವರು ಅರ್ಧ ಬೆಲೆಗೆ ಯಾಕೆ ಬಿಟ್ಟರು ಅಂತ ಒಂದು ನಿಮಿಷ ಯೋಚಿಸೋದು ಬೇಡವಾ? ಅದಕ್ಕೂ ಮೊದಲು ಜರ್ಮನಿಯ ಬಯರ್ನ್ ಮ್ಯೂನಿಕ್‌ಗೆ ಲೋನ್ ಮೇಲೆ ಹೋಗಿದ್ದ ಕಥೆ ಆಗಲೇ ಕಣ್ಣೆದುರಿತ್ತು. 2020ರ ಆಗಸ್ಟಿನಲ್ಲಿ ಬಯರ್ನ್ 8–2 ಗೆದ್ದಾಗ ಬೆಂಚಿನಿಂದ ಬಂದು ತನ್ನ ಸ್ವಂತ ಕ್ಲಬ್ ಬಾರ್ಸಿಲೋನಾ ಮೇಲೇ ಎರಡು ಗೋಲು ಹೊಡೆದವನು ಇದೇ ಕುಟಿನ್ಯೊ. ಅಂಥ ರಾತ್ರಿ ಆದಮೇಲೂ ಬಯರ್ನ್‌ನವರು ಕೈ ಮುಗಿದು ವಾಪಸ್ ಕಳಿಸಿದ್ರು. ನಾವಾಗಿದ್ರೆ ಆ ರಾತ್ರಿನೇ ಐದು ವರ್ಷದ ಕಾಂಟ್ರಾಕ್ಟ್ ಪ್ರಿಂಟ್ ತೆಗೀತಿದ್ವಿ.

ಬೆಲೆ ಅನ್ನೋದು ಖರ್ಚಿನ ಒಂದು ಭಾಗ ಅಷ್ಟೇ. ವಾರಕ್ಕೆ 1 ಲಕ್ಷ ಪೌಂಡ್ ಸಂಬಳ ಅಂತ ಇಟ್ಟುಕೊಂಡರೂ ನಾಲ್ಕು ವರ್ಷಕ್ಕೆ 2 ಕೋಟಿ ದಾಟುತ್ತೆ. ಕೊಟ್ಟ ಬೆಲೆಗಿಂತ ಜಾಸ್ತಿ ಆಯ್ತಲ್ಲ. ಜೊತೆಗೆ ಕ್ಲಬ್ಬಿನ ಲೆಕ್ಕಪುಸ್ತಕ. ಬೆಲೆಯನ್ನು ಕಾಂಟ್ರಾಕ್ಟಿನ ವರ್ಷಗಳಿಗೆ ಹಂಚಿ ಬರೀತಾರೆ. 1.7 ಕೋಟಿ ಭಾಗಿಸು ನಾಲ್ಕು, ವರ್ಷಕ್ಕೆ 42.5 ಲಕ್ಷ. ಒಂದು ವರ್ಷ ಕಳೆದು ಮಾರೋಣ ಅಂದ್ರೆ ಪುಸ್ತಕದಲ್ಲಿ ಇನ್ನೂ 1.275 ಕೋಟಿ ಬಾಕಿ. ಅದಕ್ಕಿಂತ ಕಡಿಮೆಗೆ ಮಾರಿದ್ರೆ ಆ ವರ್ಷದ ಲೆಕ್ಕದಲ್ಲಿ ನಷ್ಟ. 31ರ ಆಟಗಾರನಿಗೆ ಅಷ್ಟು ಕೊಟ್ಟು, ಅದರ ಮೇಲೆ ಆ ಸಂಬಳವನ್ನೂ ಹೊರೋರು ಯಾರು? ಅದಕ್ಕೇ ಲೋನ್ ಮೇಲೆ ಲೋನ್. ಓಡೆಗಾರ್ಡ್‌ಗೆ ಸಹಿಯ ಹೊತ್ತಿಗೆ 22. ಆಟ ಕೈಕೊಟ್ಟಿದ್ರೂ ಮೂರು ವರ್ಷ ಬಿಟ್ಟು ಮಾರಬಹುದಿತ್ತು.

ಮಿಡ್‌ಫೀಲ್ಡರ್ ಮಟೆಯೊ ಕೊವಾಚಿಚ್ ಲೆಕ್ಕ ಇದಕ್ಕೆ ಉಲ್ಟಾ. 2018–19ರಲ್ಲಿ ರಿಯಲ್ ಮ್ಯಾಡ್ರಿಡ್‌ನಿಂದ ಚೆಲ್ಸಿಗೆ ಲೋನ್, 32 ಲೀಗ್ ಪಂದ್ಯ, ಗೋಲು ಸೊನ್ನೆ. ಹೌದು, ಸೊನ್ನೆ. 4 ಕೋಟಿ ಪೌಂಡ್ ಕೊಟ್ಟಾಗ ಏನು ಗೇಲಿ! ಚೆಲ್ಸಿ ಮೇಲೆ ಫಿಫಾ ನಿಷೇಧ ಇತ್ತು, ಹೊಸಬರನ್ನು ತರೋಹಾಗಿರಲಿಲ್ಲ, ಆಗಲೇ ನೋಂದಣಿಯಾಗಿದ್ದ ಲೋನ್ ಆಟಗಾರನನ್ನು ಮಾತ್ರ ಖಾಯಂ ಮಾಡ್ಕೊಬಹುದಿತ್ತು. ಗತಿಯಿಲ್ಲದೆ ಕೊಂಡ್ರು ಅಂದ್ರು ಜನ. ಮರುವರ್ಷ ಕ್ಲಬ್ಬಿನ ವರ್ಷದ ಆಟಗಾರ ಅವನೇ. ಐದು ವರ್ಷದ ಕಾಂಟ್ರಾಕ್ಟ್, ವರ್ಷಕ್ಕೆ 80 ಲಕ್ಷ. ನಾಲ್ಕು ವರ್ಷ ದುಡಿಸಿಕೊಂಡು 2023ರಲ್ಲಿ 2.5 ಕೋಟಿಗೆ ಸಿಟಿಗೆ ಮಾರಿದಾಗ ಪುಸ್ತಕದಲ್ಲಿ ಉಳಿದಿದ್ದು 80 ಲಕ್ಷ. ಮಿಕ್ಕಿದ್ದೆಲ್ಲ ಲಾಭ.

ಈಗ ಎದುರುವಾದ. "ಲೋನ್ ಅಂದ್ರೆ ಪರೀಕ್ಷೆ ಮಾಡಿ ನೋಡಿದ ಹಾಗೆ, ಲೀಗು ಗೊತ್ತು, ಊರು ಗೊತ್ತು, ರಿಸ್ಕ್ ಕಡಿಮೆ." ಸ್ವಲ್ಪ ನಿಜ. ಆದ್ರೆ ಹೆಣ್ಣು ನೋಡೋ ದಿನದ ಉಪ್ಪಿಟ್ಟು ತಿಂದು ಮನೆಯ ದಿನದ ಅಡುಗೆ ಹೇಗಿರುತ್ತೆ ಅಂತ ಹೇಳೋಕಾಗುತ್ತಾ? ಆ ಐದು ತಿಂಗಳು ಅವನು ಕೆಲಸ ಗಿಟ್ಟಿಸೋಕೆ ಆಡ್ತಿರ್ತಾನೆ. ಇನ್ನೂ ಮುಖ್ಯ, ಪರೀಕ್ಷೆ ಆಗೋದು ಒಬ್ಬ ಕೋಚ್ ಕೈಕೆಳಗೆ. ಕುಟಿನ್ಯೊನನ್ನು ಹಠ ಹಿಡಿದು ತಂದವನು ಆಗಿನ ವಿಲ್ಲಾ ಕೋಚ್, ಲಿವರ್‌ಪೂಲ್‌ನ ಹಳೇ ಗೆಳೆಯ ಸ್ಟೀವನ್ ಜೆರಾರ್ಡ್. ಅಕ್ಟೋಬರಿಗೆ ಜೆರಾರ್ಡ್ ಮನೆಗೆ. ಅವನ ಜಾಗಕ್ಕೆ ಬಂದ ಉನಾಯ್ ಎಮೆರಿಗೆ ಬೇಕಿದ್ದಿದ್ದು ಚೆಂಡಿಲ್ಲದಾಗಲೂ ಜಾಗ ಬಿಡದೆ ಓಡೋರು. ಮುಂದಿನ ಕೋಚ್ ಬಂದ್ರೆ ಇವನು ಎಲ್ಲಿ ಆಡ್ತಾನೆ ಅಂತ ಒಬ್ಬನಾದ್ರೂ ಕಾಮೆಂಟಿನಲ್ಲಿ ಕೇಳಿದ್ದು ಕಂಡಿದ್ದೀರಾ?

ಅಂದಹಾಗೆ, ಆಪ್ಷನ್ ಬೇರೆ, ಆಬ್ಲಿಗೇಷನ್ ಬೇರೆ. ಇಷ್ಟು ಪಂದ್ಯ ಆಡಿದ್ರೆ ಕೊಳ್ಳಲೇಬೇಕು, ಡಿವಿಷನ್ನಿನಲ್ಲಿ ಉಳಿದ್ರೆ ಕೊಳ್ಳಲೇಬೇಕು ಅಂತ ಷರತ್ತಿದ್ದರೆ ನಿಮ್ಮ ಆನ್‌ಲೈನ್ ಪೋಲ್‌ಗೆ, ಹ್ಯಾಶ್‌ಟ್ಯಾಗಿಗೆ ಅರ್ಥವೇ ಇಲ್ಲ. ನಾಲ್ಕು ದಿನ ಕಿತ್ತಾಡಿದ ಮೇಲೆ ಅದು ಮೊದಲೇ ಕಡ್ಡಾಯವಾಗಿತ್ತು ಅಂತ ಗೊತ್ತಾದ್ರೆ ಮುಖ ಎಲ್ಲಿಟ್ಕೊಳ್ತೀರಿ?

ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ, ಬೇಡ ಅನ್ನಲ್ಲ. ನಿನ್ನೆಯ ಕ್ಲಿಪ್ ಮಾತ್ರ ತರಬೇಡಿ. ಆ ಹುಡುಗನ ವಯಸ್ಸು, ಕಾಂಟ್ರಾಕ್ಟ್ ಎಷ್ಟು ವರ್ಷದ್ದು, ಗೋಲುಗಳು ಯಾವ ತಿಂಗಳಲ್ಲಿ ಯಾರ ಮೇಲೆ ಬಂದವು, ಇಷ್ಟು ಬರೆದುಕೊಂಡು ಬನ್ನಿ.